ಅಮೆರಿಕದಲ್ಲಿ ಡಿಜಿಟಲ್ ಸಮಾನತೆ ಮತ್ತು ಮಾಧ್ಯಮ ವೈವಿಧ್ಯ

ಬಡತನ, ವಾಸದ ಊರು, ಜನಾಂಗ, ಭಾಷೆ, ವಯಸ್ಸು, ಅಂಗವೈಕಲ್ಯ ಇಂಥ ಯಾವುದೇ ಕಾರಣಕ್ಕೆ ಫೋನು, ಬಾನುಲಿ, ಟೆಲಿವಿಷನ್, ಅಂತರ್ಜಾಲಗಳು ಯಾರ ಕೈಗೂ ಎಟುಕದೆ ಹೋಗಬಾರದು ಎಂಬ ಸಾರ್ವಜನಿಕ ನೀತಿಗೆ ಡಿಜಿಟಲ್ ಸಮಾನತೆ ಎಂದು ಹೆಸರು. ಇದರ ಜೋಡಿಯಾಗಿ ಬರುವುದು ಮಾಧ್ಯಮ ವೈವಿಧ್ಯ: ಸುದ್ದಿಯನ್ನೂ ಮನರಂಜನೆಯನ್ನೂ ಬಿತ್ತರಿಸುವ ಸಂಸ್ಥೆಗಳ ಒಡೆತನದಲ್ಲಿ, ನೌಕರಿಯಲ್ಲಿ, ತೆರೆಯ ಮೇಲೆ ಎಲ್ಲ ಸಮುದಾಯಗಳಿಗೂ ಪಾಲು ಸಿಗಬೇಕೆಂಬ ಬೇಡಿಕೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇವೆರಡೂ ಬಹುಮಟ್ಟಿಗೆ ಒಂದೇ ಸಂಸ್ಥೆಯ ವ್ಯಾಪ್ತಿಗೆ ಬರುತ್ತವೆ. 1934ರ ಸಂಪರ್ಕ ಕಾಯಿದೆಯಿಂದ ಹುಟ್ಟಿದ, ಐವರು ಸದಸ್ಯರ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಆ ಸಂಸ್ಥೆ. ಈ ಆಯೋಗದ ಅಧ್ಯಕ್ಷರನ್ನು ಹೆಸರಿಸುವವರು ದೇಶದ ಅಧ್ಯಕ್ಷರಾದ್ದರಿಂದ ಸರ್ಕಾರ ಬದಲಾದಾಗ ಅದರ ಒಲವೂ ಬದಲಾಗುತ್ತದೆ. ಈ ಕ್ಷೇತ್ರದಲ್ಲಿ ಯಾವ ಸುಧಾರಣೆ ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ತಿಳಿಯಲು ಈ ಸಂಗತಿಯನ್ನು ಮೊದಲು ಗಮನದಲ್ಲಿಡಬೇಕು.

ಕಾಯಿದೆಯ ಬುನಾದಿ

ದೇಶದ ಎಲ್ಲ ಜನರಿಗೂ ಸಾಧ್ಯವಾದ ಮಟ್ಟಿಗೆ ವೇಗವಾದ, ದಕ್ಷವಾದ ತಂತಿ ಹಾಗೂ ರೇಡಿಯೊ ಸಂಪರ್ಕ ಒದಗಿಸುವುದು ಆಯೋಗದ ಕೆಲಸ ಎಂದು 1934ರ ಕಾಯಿದೆಯ ಮೊದಲ ಕಲಮೇ ಹೇಳುತ್ತದೆ. ಜನಾಂಗ, ಬಣ್ಣ, ಧರ್ಮ, ಮೂಲದೇಶ, ಲಿಂಗಗಳ ಭೇದವೆಣಿಸದೆ ಎಂಬ ಮಾತು ಆ ಕಲಮಿಗೆ ಸೇರಿದ್ದು 62 ವರ್ಷ ತಡವಾಗಿ, 1996ರ ದೂರಸಂಪರ್ಕ ಕಾಯಿದೆಯ ಮೂಲಕ. ‘ಸಾರ್ವತ್ರಿಕ ಸೇವೆ’ ಎಂಬ ಘೋಷಣೆ ಇದಕ್ಕೂ ಹಳೆಯದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಟಿ ಆ್ಯಂಡ್ ಟಿ ಕಂಪನಿಯ ಮುಖ್ಯಸ್ಥ ಥಿಯೊಡೋರ್ ವೇಲ್ ಅದನ್ನು ಬಳಕೆಗೆ ತಂದರು. ಆದರೆ ದೇಶಕ್ಕೆಲ್ಲ ಒಂದೇ ಜಾಲವಿರಬೇಕು, ಅದು ತಮ್ಮದಾಗಿರಬೇಕು ಎಂಬುದು ಅವರ ಇಂಗಿತವಾಗಿತ್ತು. ಬಡವರ ಮನೆಗೆ ಫೋನು ಮುಟ್ಟಿಸುವ ಅರ್ಥ ಅದಕ್ಕೆ ಬಂದದ್ದು ಬಹಳ ಕಾಲದ ಮೇಲೆ. ಹಳ್ಳಿಗಾಡಿನ ಸಹಕಾರ ಸಂಘಗಳಿಗೆ ಫೋನ್ ತಂತಿ ಎಳೆಯಲು ಕಡಿಮೆ ಬಡ್ಡಿಯ ಸರ್ಕಾರಿ ಸಾಲ ಸಿಗತೊಡಗಿದ್ದೇ 1949ರಲ್ಲಿ.

ಜಾಕ್ಸನ್ ಪ್ರಕರಣ

ಈ ಇತಿಹಾಸದ ನಡುಗಂಬವೆಂದರೆ ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಜಾಕ್ಸನ್ನಿನ ಡಬ್ಲ್ಯುಎಲ್‌ಬಿಟಿ ಟೆಲಿವಿಷನ್ ಕೇಂದ್ರದ ಪ್ರಕರಣ. ಆ ಕೇಂದ್ರದ ಪ್ರಸಾರ ಮುಟ್ಟುತ್ತಿದ್ದ ಪ್ರದೇಶದಲ್ಲಿ ನೂರಕ್ಕೆ ಸುಮಾರು 45 ಮಂದಿ ಕಪ್ಪು ಜನ. ಆದರೆ ತೆರೆಯ ಮೇಲೆ ಅವರಿಗೆ ಜಾಗವಿರಲಿಲ್ಲ. 1955ರಲ್ಲಿ ನಾಗರಿಕ ಹಕ್ಕುಗಳ ವಕೀಲ ಥರ್ಗುಡ್ ಮಾರ್ಷಲ್ ಅವರ ಸಂದರ್ಶನ ರಾಷ್ಟ್ರೀಯ ಜಾಲದಲ್ಲಿ ಬರುವಾಗ ಈ ಕೇಂದ್ರ ಅದನ್ನು ತಡೆದು, ಕೇಬಲ್ ಕೆಟ್ಟಿದೆ ಎಂಬ ಫಲಕ ತೋರಿಸಿತು. ನಾಗರಿಕ ಹಕ್ಕುಗಳ ನಾಯಕ ಮೆಡ್ಗರ್ ಎವರ್ಸ್ ವರ್ಷಗಟ್ಟಲೆ ದೂರು ಕೊಟ್ಟು, 1963ರ ಮೇ ತಿಂಗಳಲ್ಲಿ ಅದೇ ಕೇಂದ್ರದಿಂದ ಮಾತಾಡುವ ಅವಕಾಶ ಪಡೆದರು. ಮರುತಿಂಗಳೇ ಅವರನ್ನು ಮನೆಯ ಮುಂದೆ ಗುಂಡಿಕ್ಕಿ ಕೊಲ್ಲಲಾಯಿತು.

ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನ ಸಂಪರ್ಕ ವಿಭಾಗ ನೋಡಿಕೊಳ್ಳುತ್ತಿದ್ದ ಎವರೆಟ್ ಪಾರ್ಕರ್ ಎಂಬ ಪಾದ್ರಿ 1964ರ ಮಾರ್ಚಿನಲ್ಲಿ ಒಂದು ವಾರ ಸ್ಥಳೀಯ ಸ್ವಯಂಸೇವಕರನ್ನು ಟಿವಿ ಮುಂದೆ ಕೂರಿಸಿ, ಕೇಂದ್ರದ ಪ್ರಸಾರವನ್ನೆಲ್ಲ ದಾಖಲಿಸಿದರು. ಅಲ್ಲಿನ ಪರಿಸ್ಥಿತಿಯಲ್ಲಿ ಪ್ರಾಣಕ್ಕೇ ಕುತ್ತಿದ್ದುದರಿಂದ ಆ ಸ್ವಯಂಸೇವಕರ ಹೆಸರುಗಳನ್ನು ಗುಟ್ಟಾಗಿಟ್ಟರು. ಆ ದಾಖಲೆಯ ಬಲದಿಂದ ಏರನ್ ಹೆನ್ರಿ ಮೊದಲಾದ ಸ್ಥಳೀಯ ನಾಯಕರೊಡನೆ ಕೂಡಿ ಪರವಾನಗಿ ನವೀಕರಿಸಬಾರದೆಂದು ಅರ್ಜಿ ಹಾಕಿದರು. ಆಯೋಗ ಕೇಳಲಿಲ್ಲ. ಅಲ್ಲಿಯವರೆಗಿನ ಪದ್ಧತಿಯಂತೆ ಆಯೋಗದ ಮುಂದೆ ತಕರಾರು ಎತ್ತುವ ಹಕ್ಕು ಇದ್ದದ್ದು ವ್ಯಾಪಾರದಲ್ಲಿ ನಷ್ಟವಾಗುವ ಪ್ರತಿಸ್ಪರ್ಧಿಗೆ ಅಥವಾ ತರಂಗಗಳ ಅಡಚಣೆಯಾಗುವ ಇನ್ನೊಂದು ಕೇಂದ್ರಕ್ಕೆ. ನೋಡುವವರಿಗೂ ಕೇಳುವವರಿಗೂ ಆ ಹಕ್ಕಿರಲಿಲ್ಲ.

1966ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಈ ಪದ್ಧತಿಯನ್ನು ಮುರಿಯಿತು. ತರಂಗಗಳು ಸಾರ್ವಜನಿಕರ ಸ್ವತ್ತು, ಪ್ರಸಾರಕ ಅದನ್ನು ಜನರ ಪರವಾಗಿ ಬಳಸುವ ಹೊಣೆಗಾರ, ಹಾಗಾಗಿ ಪ್ರೇಕ್ಷಕರ ಪ್ರತಿನಿಧಿಗಳೂ ವಾದಿಸಬಹುದು ಎಂಬುದು ತೀರ್ಪಿನ ತಿರುಳು. ಬರೆದವರು ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ ವಾರನ್ ಬರ್ಗರ್. ಆಯೋಗ ಹಟ ಬಿಡದೆ ಮತ್ತೆ ನವೀಕರಿಸಿತು. 1969ರಲ್ಲಿ ಅದೇ ನ್ಯಾಯಾಲಯ ಪರವಾನಗಿಯನ್ನು ರದ್ದುಗೊಳಿಸಿತು. ಕೇಂದ್ರವನ್ನು ತಾತ್ಕಾಲಿಕವಾಗಿ ವಹಿಸಿಕೊಂಡ ಲಾಭರಹಿತ ಸಂಸ್ಥೆ 1972ರಲ್ಲಿ ವಿಲಿಯಂ ಡಿಲ್ಡೇ ಎಂಬ ಕಪ್ಪು ವ್ಯವಸ್ಥಾಪಕರನ್ನು ನೇಮಿಸಿತು. ಬಹುಪಾಲು ಬಿಳಿಯರೇ ಕೆಲಸ ಮಾಡುತ್ತಿದ್ದ ದಕ್ಷಿಣದ ಟಿವಿ ಕೇಂದ್ರವೊಂದಕ್ಕೆ ಇದು ಅಪೂರ್ವ ಸಂಗತಿ. ಅಮೆರಿಕದಲ್ಲಿ ಪ್ರಸಾರದ ಕುರಿತು ಗ್ರಾಹಕರು, ಅಲ್ಪಸಂಖ್ಯಾತರು, ಮಹಿಳೆಯರು ಹೂಡಿದ ನಂತರದ ಎಲ್ಲ ದಾವೆಗಳಿಗೂ ಬಾಗಿಲು ತೆರೆದದ್ದು ಈ ತೀರ್ಪೇ. ನಂತರದ ಯಾವ ಸಬ್ಸಿಡಿ ಯೋಜನೆಗಿಂತಲೂ ಇದರ ಬೆಲೆ ದೊಡ್ಡದು.

ಒಡೆತನದ ಪ್ರಶ್ನೆ

1946ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ರಾವುಲ್ ಕಾರ್ಟೆಜ್ ಸ್ಥಾಪಿಸಿದ ಕೆಸಿಒಆರ್ ಬಾನುಲಿ ಇಡೀ ದಿನ ಸ್ಪ್ಯಾನಿಷ್‌ನಲ್ಲಿ ಪ್ರಸಾರ ಮಾಡಿತು. 1949ರಲ್ಲಿ ಅಟ್ಲಾಂಟಾದಲ್ಲಿ ಲೆಕ್ಕಪರಿಶೋಧಕ ಜೆಸ್ಸಿ ಬ್ಲೇಟನ್ ಡಬ್ಲ್ಯುಇಆರ್‌ಡಿ ಕೇಂದ್ರವನ್ನು ಕೊಂಡು, ಬಾನುಲಿ ಕೇಂದ್ರದ ಮೊದಲ ಕಪ್ಪು ಮಾಲೀಕರಾದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆಯ ಕಚೇರಿ ಅದೇ ಕಟ್ಟಡದಲ್ಲಿತ್ತು. ಅವರ ಮಾತು ಊರಿಗೆ ಮುಟ್ಟಲು ಇನ್ನೊಬ್ಬ ಮಾಲೀಕನ ಅಪ್ಪಣೆ ಬೇಕಿರಲಿಲ್ಲ ಎಂಬುದರಲ್ಲೇ ಒಡೆತನದ ಮಹತ್ವ ತಿಳಿಯುತ್ತದೆ. ಆದರೂ 1978ರ ಹೊತ್ತಿಗೆ ದೇಶದ ಸುಮಾರು 8,500 ವಾಣಿಜ್ಯ ಬಾನುಲಿ, ಟಿವಿ ಕೇಂದ್ರಗಳಲ್ಲಿ ಅಲ್ಪಸಂಖ್ಯಾತರ ಕೈಯಲ್ಲಿದ್ದವು ನೂರಕ್ಕೆ ಒಂದಕ್ಕಿಂತ ಕಡಿಮೆ. ಪರವಾನಗಿಗಳನ್ನು ಹಂಚಿದ ದಶಕಗಳಲ್ಲಿ ಕಪ್ಪು ಜನರಿಗೆ ಬ್ಯಾಂಕ್ ಸಾಲವೂ ಇರಲಿಲ್ಲ, ದಕ್ಷಿಣದಲ್ಲಿ ಮತದಾನದ ಹಕ್ಕೂ ಇರಲಿಲ್ಲ. ಒಳ್ಳೆಯ ತರಂಗಾಂತರಗಳೆಲ್ಲ ಆ ಹೊತ್ತಿಗೇ ಹಂಚಿಹೋಗಿದ್ದವು.

1978ರಲ್ಲಿ ಆಯೋಗ ಎರಡು ಕ್ರಮಗಳನ್ನು ತಂದಿತು. ಅಲ್ಪಸಂಖ್ಯಾತ ಖರೀದಿದಾರರಿಗೆ ಕೇಂದ್ರ ಮಾರುವವರಿಗೆ ಲಾಭದ ಮೇಲಿನ ತೆರಿಗೆಯನ್ನು ಮುಂದೂಡುವ ಪ್ರಮಾಣಪತ್ರ ಮೊದಲನೆಯದು. ಪರವಾನಗಿ ಕಳೆದುಕೊಳ್ಳುವ ವಿಚಾರಣೆ ಎದುರಿಸುತ್ತಿರುವ ಮಾಲೀಕ ಮಾರುಕಟ್ಟೆ ಬೆಲೆಯ ಮುಕ್ಕಾಲು ಪಾಲಿಗೆ ಮೀರದಂತೆ ಅಲ್ಪಸಂಖ್ಯಾತರಿಗೆ ಮಾರಿ ಹೊರಬರುವ ಅವಕಾಶ ಎರಡನೆಯದು. ತೆರಿಗೆ ಪ್ರಮಾಣಪತ್ರ ಯಾರಿಗೂ ಪರವಾನಗಿಯನ್ನು ಕಿತ್ತು ಕೊಡಲಿಲ್ಲ, ಯಾರನ್ನೂ ಮಾರಲು ಒತ್ತಾಯಿಸಲಿಲ್ಲ. ಮಾರುವವನ ಲಾಭವನ್ನೇ ಕೊಳ್ಳುವವನ ಬಲವಾಗಿಸಿದ ಈ ಏರ್ಪಾಟು ನನ್ನ ಎಣಿಕೆಯಲ್ಲಿ ಈ ಕ್ಷೇತ್ರದ ಅತ್ಯಂತ ಜಾಣ ಉಪಾಯ. ಸುಮಾರು ನಲವತ್ತಿದ್ದ ಅಲ್ಪಸಂಖ್ಯಾತರ ಕೇಂದ್ರಗಳು 1995ರ ವೇಳೆಗೆ ಮುನ್ನೂರು ದಾಟಿದವು.

ಆ ತೆರಿಗೆ ಪ್ರಮಾಣಪತ್ರದ ಯೋಜನೆ ಮುಗಿದ ಬಗೆ ಕೂಡ ತಿಳಿಯಬೇಕಾದದ್ದು. ವಯಾಕಾಮ್ ಕಂಪನಿ ತನ್ನ ಕೇಬಲ್ ಜಾಲವನ್ನು ಸುಮಾರು 230 ಕೋಟಿ ಡಾಲರಿಗೆ ಫ್ರಾಂಕ್ ವಾಷಿಂಗ್ಟನ್ ಎಂಬ ಕಪ್ಪು ಉದ್ಯಮಿ ಮುಂದಾಳಾಗಿದ್ದ ಗುಂಪಿಗೆ ಮಾರಲು ಹೊರಟಿತು. ಆತ ಹಿಂದೆ ಆಯೋಗದಲ್ಲಿ ಇದೇ ನೀತಿಯನ್ನು ರೂಪಿಸಿದವರಲ್ಲೊಬ್ಬರು. ದೈತ್ಯ ಕಂಪನಿಯೊಂದಕ್ಕೆ ಅಷ್ಟು ತೆರಿಗೆ ಉಳಿತಾಯವೇ ಎಂದು ಗದ್ದಲವೆದ್ದಿತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1995ರಲ್ಲಿ, ಸ್ವಂತ ಉದ್ಯೋಗಿಗಳ ಆರೋಗ್ಯ ವಿಮೆಗೆ ತೆರಿಗೆ ವಿನಾಯಿತಿ ಕೊಡುವ ಮಸೂದೆಯೊಳಗೆ ಸೇರಿಸಿ, ಇಡೀ ಯೋಜನೆಯನ್ನೇ ರದ್ದು ಮಾಡಿತು. ರಿಯಾಯಿತಿಗೆ ಗರಿಷ್ಠ ಮಿತಿ ಹಾಕಿದ್ದರೆ ಸಾಕಿತ್ತು.

ಅದೇ ವರ್ಷ ಸುಪ್ರೀಂ ಕೋರ್ಟು ಅಡರಾಂಡ್ ಪ್ರಕರಣದಲ್ಲಿ, ಜನಾಂಗವನ್ನು ನೋಡಿ ಕೊಡುವ ಯಾವುದೇ ಫೆಡರಲ್ ಸವಲತ್ತು ಸಂವಿಧಾನದ ಅತಿ ಕಠಿಣ ಪರೀಕ್ಷೆಗೆ ಒಳಗಾಗಬೇಕೆಂದಿತು. ಪ್ರಸಾರದಲ್ಲಿ ಅಲ್ಪಸಂಖ್ಯಾತರಿಗೆ ಆದ್ಯತೆ ಕೊಡಬಹುದೆಂದು 1990ರಲ್ಲಿ ಮೆಟ್ರೊ ಬ್ರಾಡ್‌ಕಾಸ್ಟಿಂಗ್ ಪ್ರಕರಣದಲ್ಲಿ ಅದೇ ಕೋರ್ಟು 5-4ರ ಬಹುಮತದಿಂದ ಎತ್ತಿಹಿಡಿದಿದ್ದ ತತ್ತ್ವ ಹೀಗೆ ಬಿದ್ದುಹೋಯಿತು. ನೇಮಕಾತಿಯಲ್ಲಿ ಸಮಾನ ಅವಕಾಶ ಕೊಡಬೇಕೆಂಬ 1969ರಿಂದ ಬೆಳೆದುಬಂದ ನಿಯಮಗಳನ್ನು ಮೇಲ್ಮನವಿ ನ್ಯಾಯಾಲಯ 1998ರಲ್ಲೂ 2001ರಲ್ಲೂ ಹೊಡೆದುಹಾಕಿತು. ಕೇಂದ್ರಗಳ ನೌಕರರ ಜನಾಂಗ, ಲಿಂಗಗಳ ಅಂಕಿಅಂಶ ಕೂಡಿಸುವ ಕೆಲಸ ಎರಡು ದಶಕಕ್ಕೂ ಮೀರಿ ನಿಂತುಹೋಯಿತು. 2024ರಲ್ಲಿ ಆಯೋಗ ಅದನ್ನು ಮತ್ತೆ ಆರಂಭಿಸಹೊರಟಾಗ, 2025ರ ಮೇ ತಿಂಗಳಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಅದಕ್ಕೂ ತಡೆಹಾಕಿತು. ಎಣಿಸದ ಅಸಮಾನತೆಯನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಕಷ್ಟ, ಸಾಬೀತಾಗದೆ ಪರಿಹಾರ ಸಿಗುವುದಿಲ್ಲ.

1996ರ ಕಾಯಿದೆ ಒಂದು ಕಂಪನಿ ದೇಶದಲ್ಲಿ 40 ಬಾನುಲಿ ಕೇಂದ್ರಗಳನ್ನು ಮೀರಿ ಹೊಂದಬಾರದೆಂಬ ಮಿತಿಯನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಕಂಪನಿಯ ಬಳಿ 1,200ಕ್ಕೂ ಹೆಚ್ಚು ಕೇಂದ್ರಗಳಿದ್ದವು. ಒಂದೆರಡು ಕೇಂದ್ರಗಳ ಸಣ್ಣ ಮಾಲೀಕರು, ಅವರಲ್ಲಿ ಅಲ್ಪಸಂಖ್ಯಾತರೂ ಸೇರಿ, ಜಾಹೀರಾತಿನ ಪೈಪೋಟಿಯಲ್ಲಿ ನಿಲ್ಲಲಾರದೆ ಮಾರಿ ಹೊರಟರು. ಒಡೆತನದ ಮಿತಿಗಳನ್ನು ಇನ್ನಷ್ಟು ಸಡಿಲಿಸುವ ಯತ್ನಗಳನ್ನು ಫಿಲಡೆಲ್ಫಿಯಾದ ಪ್ರೊಮಿಥಿಯಸ್ ರೇಡಿಯೊ ಪ್ರಾಜೆಕ್ಟ್ ಎಂಬ ಸಣ್ಣ ಸಂಘಟನೆ 2003ರಿಂದ ಕೋರ್ಟಿನಲ್ಲಿ ಎದುರಿಸಿತು. ಮಹಿಳೆಯರ, ಅಲ್ಪಸಂಖ್ಯಾತರ ಒಡೆತನದ ಮೇಲೆ ಆಗುವ ಪರಿಣಾಮವನ್ನು ಆಯೋಗ ಸರಿಯಾಗಿ ಪರಿಶೀಲಿಸಿಲ್ಲವೆಂದು ಮೇಲ್ಮನವಿ ನ್ಯಾಯಾಲಯ ಮತ್ತೆ ಮತ್ತೆ ಹೇಳಿತು. 2017ರಲ್ಲಿ ಆಯೋಗದ ಅಧ್ಯಕ್ಷರಾಗಿ, ಒಂದೇ ಊರಿನ ಪತ್ರಿಕೆ ಮತ್ತು ಟಿವಿ ಒಬ್ಬರದೇ ಆಗಬಾರದೆಂಬ 1975ರ ನಿಯಮವನ್ನು ತೆಗೆದವರು ಕೊಂಕಣಿ ಮೂಲದ ವಲಸಿಗ ದಂಪತಿಯ ಮಗ ಅಜಿತ್ ಪೈ. 2021ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಆಯೋಗದ ಪರ ತೀರ್ಪಿತ್ತಿತು.

ಇದಕ್ಕೆ ಎದುರಾಗಿ ಗೆದ್ದ ಒಂದು ಪ್ರಯತ್ನ 100 ವ್ಯಾಟ್ ಮೀರದ ಸಮುದಾಯ ಎಫ್‌ಎಂ ಕೇಂದ್ರಗಳದು. ಆಯೋಗದ ಮೊದಲ ಕಪ್ಪು ಅಧ್ಯಕ್ಷ ವಿಲಿಯಂ ಕೆನಾರ್ಡ್ 2000ದಲ್ಲಿ ಇದಕ್ಕೆ ಚಾಲನೆ ಕೊಟ್ಟರು. ದೊಡ್ಡ ಪ್ರಸಾರಕರ ಒತ್ತಡಕ್ಕೆ ಮಣಿದು ಕಾಂಗ್ರೆಸ್ ಅದೇ ವರ್ಷ ಕಡಿವಾಣ ಹಾಕಿತು. ಹತ್ತು ವರ್ಷದ ಹೋರಾಟದ ನಂತರ 2010ರಲ್ಲಿ ಅಂಗೀಕಾರವಾದ ಸ್ಥಳೀಯ ಸಮುದಾಯ ಬಾನುಲಿ ಕಾಯಿದೆ ಆ ಕಡಿವಾಣವನ್ನು ಬಿಚ್ಚಿತು.

ಫೋನಿನಿಂದ ಬ್ರಾಡ್‌ಬ್ಯಾಂಡಿಗೆ

ಬಡ ಕುಟುಂಬಗಳ ಫೋನ್ ಬಿಲ್ಲಿಗೆ ರಿಯಾಯಿತಿ ಕೊಡುವ ಲೈಫ್‌ಲೈನ್ ಯೋಜನೆ 1985ರಲ್ಲಿ ಆರಂಭವಾಯಿತು. 1996ರ ಕಾಯಿದೆ ಸಾರ್ವತ್ರಿಕ ಸೇವೆಗೆ ಸ್ಪಷ್ಟ ಕಾನೂನಿನ ನೆಲೆಯನ್ನು ಕೊಟ್ಟಿತು. ಅಂತರರಾಜ್ಯ ದೂರಸಂಪರ್ಕದ ಆದಾಯದಿಂದ ಕಂಪನಿಗಳು ನಿಧಿಗೆ ಹಣ ಕಟ್ಟಬೇಕು. ಅದರಿಂದ ಹಳ್ಳಿಗಾಡಿನ ಜಾಲ, ಬಡವರ ರಿಯಾಯಿತಿ, ಗ್ರಾಮೀಣ ಆಸ್ಪತ್ರೆಗಳ ಸಂಪರ್ಕ, ಶಾಲೆ ಮತ್ತು ಗ್ರಂಥಾಲಯಗಳ ಅಂತರ್ಜಾಲ ನಡೆಯಬೇಕು. ಇ-ರೇಟ್ ಎಂದು ಕರೆಯುವ ಕೊನೆಯದಕ್ಕೆ ಆರಂಭದಲ್ಲಿ ವರ್ಷಕ್ಕೆ 225 ಕೋಟಿ ಡಾಲರಿನ ಮಿತಿ ಇತ್ತು. ಅಮೆರಿಕದ ಶಾಲೆಗಳಿಗೆ ಅಂತರ್ಜಾಲ ಹರಡಲು ಮುಖ್ಯ ಆಸರೆ ಈ ಹಣ. ಲೈಫ್‌ಲೈನ್ ಮಾತ್ರ ಬಡಕಲಾಗಿಯೇ ಉಳಿಯಿತು. 2016ರಲ್ಲಿ ಬ್ರಾಡ್‌ಬ್ಯಾಂಡಿಗೂ ವಿಸ್ತರಿಸಿದರೂ ತಿಂಗಳ ರಿಯಾಯಿತಿ 9.25 ಡಾಲರ್.

ಎಲ್ಲರಿಗಿಂತ ಹಿಂದೆ ಉಳಿದವರು ಮೂಲನಿವಾಸಿಗಳು. 2000ದ ಜನಗಣತಿಯಂತೆ ದೇಶದಲ್ಲಿ ನೂರಕ್ಕೆ ಸುಮಾರು 98 ಮನೆಗಳಲ್ಲಿ ಫೋನಿದ್ದಾಗ, ಮುಖ್ಯ ಭೂಭಾಗದ ಬುಡಕಟ್ಟು ಪ್ರದೇಶಗಳ ಮೂಲನಿವಾಸಿ ಮನೆಗಳಲ್ಲಿ ಇದ್ದದ್ದು ಸುಮಾರು 69ರಲ್ಲಿ. ಕಂಪನಿಗಳು ಬರಲಿ ಎಂದು ಕಾಯದೆ ದಕ್ಷಿಣ ಡಕೋಟದ ಶೆಯೆನ್ ರಿವರ್ ಸೂ ಬುಡಕಟ್ಟು 1958ರಲ್ಲೇ ತನ್ನದೇ ಟೆಲಿಫೋನ್ ಸಂಸ್ಥೆ ಕಟ್ಟಿತ್ತು. 2020ರಲ್ಲಿ ಆಯೋಗ 2.5 ಗಿಗಾಹರ್ಟ್ಸ್ ತರಂಗಾಂತರವನ್ನು ಹರಾಜಿಗಿಡುವ ಮೊದಲು ಗ್ರಾಮೀಣ ಬುಡಕಟ್ಟುಗಳಿಗೆ ತಮ್ಮ ನೆಲದ ಮೇಲಿನ ಪಾಲನ್ನು ಪುಕ್ಕಟೆಯಾಗಿ ಕೇಳುವ ಅವಕಾಶ ಕೊಟ್ಟಿತು. 400ಕ್ಕೂ ಹೆಚ್ಚು ಅರ್ಜಿ ಬಂದವು. ನೆಲ ಅವರದಾದರೂ ಅದರ ಮೇಲಿನ ತರಂಗ ಹೊರಗಿನವರದಾಗಿದ್ದ ಅನ್ಯಾಯಕ್ಕೆ ಇದು ಅಷ್ಟಿಷ್ಟು ಪರಿಹಾರ.

ನಗರಗಳ ಕತೆ ಬೇರೆ. ಅಲ್ಲಿ ತಂತಿ ಇದೆ. ಆದರೆ ಬಡ ಬಡಾವಣೆಗಳಲ್ಲಿ ಹಳೆಯ ತಾಮ್ರದ ತಂತಿ, ಸಿರಿವಂತ ಬಡಾವಣೆಗಳಲ್ಲಿ ಫೈಬರ್. 1930ರ ದಶಕದಲ್ಲಿ ಗೃಹಸಾಲಕ್ಕೆ ಯೋಗ್ಯವಲ್ಲವೆಂದು ಕಪ್ಪು ಜನರ ಬಡಾವಣೆಗಳನ್ನು ನಕ್ಷೆಯಲ್ಲಿ ಕೆಂಪು ಬಣ್ಣದಿಂದ ಗುರುತಿಸಿದ್ದರು. ನಿಧಾನದ ಅಂತರ್ಜಾಲದ ನಕ್ಷೆ ಎಷ್ಟೋ ಊರುಗಳಲ್ಲಿ ಆ ಹಳೆಯ ನಕ್ಷೆಯ ಮೇಲೆಯೇ ಕೂರುತ್ತದೆ. ಕ್ಲೀವ್‌ಲ್ಯಾಂಡ್ ನಗರದ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನ, ನಿಧಾನದ ಅಂತರ್ಜಾಲ ಬಡ ಬಡಾವಣೆಗಳಲ್ಲೇ ಹೆಚ್ಚಾಗಿರುವುದನ್ನು ಬೀದಿ ಬೀದಿಯ ಮಟ್ಟದಲ್ಲಿ ತೋರಿಸಿತು. ಪ್ಯೂ ಸಂಶೋಧನಾ ಕೇಂದ್ರದ 2021ರ ಸಮೀಕ್ಷೆಯಂತೆ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದವರು ಬಿಳಿಯರಲ್ಲಿ ನೂರಕ್ಕೆ 80, ಕಪ್ಪು ಜನರಲ್ಲಿ 71, ಹಿಸ್ಪಾನಿಕ್ ಜನರಲ್ಲಿ 65.

ಅಂಗವಿಕಲರು ಮತ್ತು ಕೈದಿಗಳು

ಸ್ವತಃ ಕಿವುಡರಾಗಿದ್ದ ಭೌತವಿಜ್ಞಾನಿ ರಾಬರ್ಟ್ ವೈಟ್‌ಬ್ರೆಕ್ಟ್ 1964ರಲ್ಲಿ, ಗುಜರಿಗೆ ಹೋಗುವ ಟೆಲಿಪ್ರಿಂಟರುಗಳು ಫೋನ್ ತಂತಿಯ ಮೇಲೆ ಪರಸ್ಪರ ಬರೆದುಕೊಳ್ಳುವ ಸಾಧನವೊಂದನ್ನು ರೂಪಿಸಿದರು. ಕಿವುಡರ ಫೋನ್ ಬಳಕೆ ಹುಟ್ಟಿದ್ದು ಹೀಗೆ, ಕಂಪನಿಗಳ ಕೃಪೆಯಿಂದಲ್ಲ. 1990ರ ಅಂಗವಿಕಲರ ಕಾಯಿದೆ ಬರಹವನ್ನು ಮಾತಾಗಿಸಿ, ಮಾತನ್ನು ಬರಹವಾಗಿಸಿ ದಾಟಿಸುವ ಸೇವೆಯನ್ನು ಎಲ್ಲ ಫೋನ್ ಕಂಪನಿಗಳಿಗೂ ಕಡ್ಡಾಯ ಮಾಡಿತು. ಅದೇ ವರ್ಷದ ಇನ್ನೊಂದು ಕಾಯಿದೆಯಂತೆ 1993ರ ಜುಲೈಯಿಂದ 13 ಇಂಚು ಹಾಗೂ ಅದಕ್ಕೂ ದೊಡ್ಡ ಟಿವಿಗಳಲ್ಲೆಲ್ಲ ಸಂಭಾಷಣೆಯ ಅಕ್ಷರ ತೋರಿಸುವ ಬಿಲ್ಲೆ ಒಳಗೇ ಇರಬೇಕಾಯಿತು. ಅದಕ್ಕೆ ಮೊದಲು ಕಿವುಡರು ಪ್ರತ್ಯೇಕ ಪೆಟ್ಟಿಗೆ ಕೊಳ್ಳಬೇಕಿತ್ತು. ಎಲ್ಲ ಟಿವಿಗಳಲ್ಲೂ ಬಂದಮೇಲೆ ಇಂಗ್ಲಿಷ್ ಕಲಿಯುವ ವಲಸಿಗರೂ, ಗದ್ದಲದ ಜಾಗಗಳಲ್ಲಿ ಟಿವಿ ನೋಡುವವರೂ ಅಕ್ಷರಗಳನ್ನು ಬಳಸತೊಡಗಿದರು. ಟಿವಿಯಲ್ಲಿ ಅಕ್ಷರಸಹಿತವಾಗಿ ಬಂದ ಕಾರ್ಯಕ್ರಮ ಅಂತರ್ಜಾಲಕ್ಕೆ ಹೋದಾಗಲೂ ಅಕ್ಷರಗಳು ಜೊತೆಗಿರಬೇಕೆಂದು 2010ರ ಕಾಯಿದೆ ವಿಧಿಸಿತು.

ಜೈಲಿನ ಫೋನ್ ದರದ ವಿರುದ್ಧದ ಹೋರಾಟ ಮಾರ್ಥಾ ರೈಟ್ ಎಂಬ ವಾಷಿಂಗ್ಟನ್ನಿನ ಅಂಧ ಅಜ್ಜಿಯ ಹೆಸರಿನಲ್ಲಿ ನಿಂತಿದೆ. ಜೈಲಿನಲ್ಲಿದ್ದ ಮೊಮ್ಮಗನ ಕರೆಗಳಿಗೆ ಕಟ್ಟಬೇಕಾದ ವಿಪರೀತ ದರದ ಬಗ್ಗೆ ಅವರು ಕೋರ್ಟಿಗೆ, 2003ರಲ್ಲಿ ಆಯೋಗಕ್ಕೆ ಮೊರೆಹೋದರು. ಜೈಲುಗಳು ಒಂದೇ ಕಂಪನಿಗೆ ಗುತ್ತಿಗೆ ಕೊಟ್ಟು ಆದಾಯದಲ್ಲಿ ಪಾಲು ಪಡೆಯುತ್ತಿದ್ದುದರಿಂದ ದರ ಇಳಿಸುವ ಆಸೆ ಯಾರಿಗೂ ಇರಲಿಲ್ಲ. ರಾಜ್ಯದೊಳಗಿನ ಕರೆಗಳ ದರ ನಿಗದಿಗೆ ಆಯೋಗಕ್ಕೆ ಅಧಿಕಾರವಿಲ್ಲವೆಂದು 2017ರಲ್ಲಿ ಕೋರ್ಟು ಹೇಳಿದಾಗ ಹೊಸ ಕಾಯಿದೆಯೇ ಬೇಕಾಯಿತು. 2023ರ ಜನವರಿಯಲ್ಲಿ ಆಕೆಯ ಹೆಸರಿನ ಕಾಯಿದೆಗೆ ಸಹಿ ಬಿತ್ತು. ಆಕೆ ಅದನ್ನು ನೋಡಲು ಬದುಕಿರಲಿಲ್ಲ. 2024ರ ಆದೇಶ, ದೊಡ್ಡ ಜೈಲುಗಳಲ್ಲಿ 11.35 ಡಾಲರಿನವರೆಗೆ ಬೀಳುತ್ತಿದ್ದ 15 ನಿಮಿಷದ ಕರೆಯನ್ನು 90 ಸೆಂಟಿಗೆ ಇಳಿಸಿತು. ಮರುವರ್ಷ ಆಯೋಗವೇ ಅದರ ಜಾರಿಯನ್ನು ಮುಂದೂಡಿತು.

2020ರ ನಂತರ

ಕೋವಿಡ್ ಕಾಲದಲ್ಲಿ ಶಾಲೆ ಮನೆಗೆ ಬಂದಾಗ ಕ್ಯಾಲಿಫೋರ್ನಿಯಾದ ಸಲೀನಾಸ್‌ನಲ್ಲಿ ಇಬ್ಬರು ಹುಡುಗಿಯರು ಹೋಟೆಲೊಂದರ ವೈಫೈ ಹಿಡಿಯಲು ಅದರ ಹೊರಗೆ ನೆಲದ ಮೇಲೆ ಕೂತು ಪಾಠ ಕೇಳುತ್ತಿದ್ದ ಚಿತ್ರ ದೇಶಾದ್ಯಂತ ಹರಡಿತು. ಕಾಂಗ್ರೆಸ್ ಮೊದಲು 320 ಕೋಟಿ ಡಾಲರ್, ಮತ್ತೆ 2021ರ ನವೆಂಬರಿನ ಮೂಲಸೌಕರ್ಯ ಕಾಯಿದೆಯಲ್ಲಿ 1,420 ಕೋಟಿ ಡಾಲರ್ ಬಡವರ ಅಂತರ್ಜಾಲದ ಬಿಲ್ಲಿಗೆಂದು ಕೊಟ್ಟಿತು. ಎರಡನೆಯ ಹಣದಿಂದ ಸಿಕ್ಕದ್ದು ತಿಂಗಳಿಗೆ 30 ಡಾಲರ್, ಬುಡಕಟ್ಟು ಪ್ರದೇಶಗಳಲ್ಲಿ 75 ಡಾಲರ್‌ವರೆಗೆ ರಿಯಾಯಿತಿ. ಸುಮಾರು 2.3 ಕೋಟಿ ಕುಟುಂಬಗಳು ಸೇರಿಕೊಂಡವು. ಅದೇ ಕಾಯಿದೆಯಲ್ಲಿ ಜಾಲ ಕಟ್ಟಲು 4,245 ಕೋಟಿ ಡಾಲರ್ ಇತ್ತು. ವೃದ್ಧರು, ಅಂಗವಿಕಲರು, ನಿವೃತ್ತ ಸೈನಿಕರು, ಕೈದಿಗಳು, ಬಡವರು, ಗ್ರಾಮೀಣರು, ಇಂಗ್ಲಿಷ್ ತೊಡಕಿರುವವರು, ಜನಾಂಗೀಯ ಅಲ್ಪಸಂಖ್ಯಾತರು ಅಂತರ್ಜಾಲ ಬಳಸಲು ಕಲಿಯುವುದಕ್ಕೆ 275 ಕೋಟಿ ಡಾಲರ್ ಇತ್ತು. ವಾಷಿಂಗ್ಟನ್ ರಾಜ್ಯದ ಸೆನೆಟರ್ ಪ್ಯಾಟಿ ಮರ್ರಿ ಮುಂದೆ ನಿಂತು ತಂದ ಡಿಜಿಟಲ್ ಸಮಾನತೆ ಕಾಯಿದೆ ಈ ಕೊನೆಯದು. 2021ರಲ್ಲೇ ಆಯೋಗ ತನಗೆ ಸಲಹೆ ಕೊಡಲು ಸಂಪರ್ಕ ಸಮಾನತೆ ಮತ್ತು ವೈವಿಧ್ಯ ಮಂಡಳಿಯೊಂದನ್ನು ರಚಿಸಿತು. ಅಂತರ್ಜಾಲ ಒದಗಿಸುವುದರಲ್ಲಿ ಉದ್ದೇಶವಿಲ್ಲದಿದ್ದರೂ ಪರಿಣಾಮದಲ್ಲಿ ಭೇದವಾದರೆ ಅದೂ ತಪ್ಪೇ ಎಂಬ ನಿಯಮವನ್ನು 2023ರ ನವೆಂಬರಿನಲ್ಲಿ ತಂದಿತು.

ಭಾಷೆಯ ಪ್ರಶ್ನೆಯೂ ಇದರೊಳಗಿದೆ. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ನ್ಯೂ ಆರ್ಲಿಯನ್ಸಿನ ಸ್ಪ್ಯಾನಿಷ್ ಬಾನುಲಿ ಸ್ತಬ್ಧವಾಗಿ, ಆ ಭಾಷಿಕರಿಗೆ ಎಚ್ಚರಿಕೆಯೇ ತಲುಪಲಿಲ್ಲ. ಅಲ್ಪಸಂಖ್ಯಾತ ಮಾಧ್ಯಮಗಳ ಪರವಾಗಿ 1986ರಿಂದ ದುಡಿಯುತ್ತಿದ್ದ ಎಂಎಂಟಿಸಿ ಸಂಸ್ಥೆ ಮತ್ತು ಜೊತೆಗಾರರು ಅದೇ ವರ್ಷ ಆಯೋಗಕ್ಕೆ ಅರ್ಜಿ ಕೊಟ್ಟರು. ಮೊಬೈಲ್ ಎಚ್ಚರಿಕೆಗಳು ಇಂಗ್ಲಿಷ್ ಬಿಟ್ಟು 13 ಭಾಷೆಗಳಲ್ಲಿ ಬರಬೇಕೆಂಬ ತೀರ್ಮಾನವಾದದ್ದು 2023ರಲ್ಲಿ. ಆ ಪಟ್ಟಿಯಲ್ಲಿ ಭಾರತದ ಭಾಷೆಗಳ ಪೈಕಿ ಹಿಂದಿ ಒಂದೇ ಇದೆ, ಕನ್ನಡವಿಲ್ಲ.

2020ರ ನಂತರದ ಈ ಕ್ರಮಗಳಲ್ಲಿ ಬಹುಪಾಲು ಬೇಗನೆ ಕುಸಿದವು. ಅಂತರ್ಜಾಲದ ಬಿಲ್ಲಿನ ರಿಯಾಯಿತಿಯ ಹಣ ಮುಗಿಯಿತು, ಕಾಂಗ್ರೆಸ್ ಮತ್ತೆ ಕೊಡಲಿಲ್ಲ, 2024ರ ಜೂನ್ 1ಕ್ಕೆ ಯೋಜನೆ ನಿಂತಿತು. 2025ರ ಜನವರಿಯಲ್ಲಿ ಆಯೋಗದ ಅಧ್ಯಕ್ಷರಾದ ಬ್ರೆಂಡನ್ ಕಾರ್ ಸಲಹಾ ಮಂಡಳಿಯನ್ನೂ ಆಯೋಗದ ವೈವಿಧ್ಯ ಕಾರ್ಯಕ್ರಮಗಳನ್ನೂ ಮುಚ್ಚಿದರು. ವಿಲೀನಕ್ಕೆ ಒಪ್ಪಿಗೆ ಬೇಕಿದ್ದ ದೂರಸಂಪರ್ಕ ಕಂಪನಿಗಳು ತಮ್ಮ ವೈವಿಧ್ಯ ನೀತಿಗಳನ್ನು ಕೈಬಿಟ್ಟವು. ಆ ವರ್ಷದ ಮೇ ತಿಂಗಳಲ್ಲಿ ದೇಶದ ಅಧ್ಯಕ್ಷ ಟ್ರಂಪ್ ಡಿಜಿಟಲ್ ಸಮಾನತೆ ಕಾಯಿದೆ ಸಂವಿಧಾನಕ್ಕೆ ವಿರುದ್ಧವೆಂದು ಸಾರಿ ಅನುದಾನಗಳನ್ನು ನಿಲ್ಲಿಸಿದರು. ನಿವೃತ್ತ ಸೈನಿಕರ, ವೃದ್ಧರ, ಬಿಳಿಯ ಗ್ರಾಮೀಣರ ಪಾಲೂ ಅದರೊಂದಿಗೆ ಹೋಯಿತು. ಜುಲೈಯಲ್ಲಿ ಸಾರ್ವಜನಿಕ ಪ್ರಸಾರಕ್ಕೆ ಮೀಸಲಾಗಿದ್ದ 110 ಕೋಟಿ ಡಾಲರನ್ನು ಕಾಂಗ್ರೆಸ್ ಹಿಂಪಡೆಯಿತು. ಯೂಪಿಕ್ ಭಾಷೆಯಲ್ಲಿ ಸುದ್ದಿ ಕೊಡುವ ಅಲಾಸ್ಕದ ಕೆವೈಯುಕೆಯಂಥ ಕೇಂದ್ರಗಳಿಗೆ ಆ ಹಣ ಜೀವನಾಧಾರವಾಗಿತ್ತು.

ಬಾಳಿದ್ದು ಯಾವುದು ಎಂದು ನೋಡಿದರೆ ಚಿತ್ರ ಸ್ಪಷ್ಟವಿದೆ. ಟಿವಿಯ ಅಕ್ಷರ, ಕಿವುಡರ ಫೋನ್ ಸೇವೆ, ಶಾಲೆಗಳ ಇ-ರೇಟ್ ಇವೆಲ್ಲ ಕಾಯಿದೆಯ ಪಠ್ಯದಲ್ಲೇ ಬರೆದವು. ಇವುಗಳ ಖರ್ಚಿಗೆ ವರ್ಷ ವರ್ಷ ಬಜೆಟ್ಟಿನ ಕಡೆ ನೋಡಬೇಕಿಲ್ಲ. ಆಯೋಗದ ಅಧ್ಯಕ್ಷರ ಮನಸ್ಸಿನ ಮೇಲೆ, ಒಮ್ಮೆ ಕೊಟ್ಟ ಹಣದ ಮೇಲೆ ನಿಂತವು ಉಳಿಯಲಿಲ್ಲ. ಸಾರ್ವತ್ರಿಕ ಸೇವಾ ನಿಧಿ ಸಂವಿಧಾನಬದ್ಧವೆಂದು 2025ರ ಜೂನ್ 27ರಂದು ಸುಪ್ರೀಂ ಕೋರ್ಟು 6-3ರಿಂದ ಎತ್ತಿಹಿಡಿದಿದೆ. ಆದರೆ ಆ ನಿಧಿ ಇನ್ನೂ ಹಳೆಯ ಫೋನ್ ಆದಾಯದ ಮೇಲೆಯೇ ನಿಂತಿದೆ. ಆ ಆದಾಯ ಕರಗುತ್ತ ಬಂದು, ಕಂಪನಿಗಳು ಅದರಲ್ಲಿ ನೂರಕ್ಕೆ 30ಕ್ಕೂ ಹೆಚ್ಚನ್ನು ಕಟ್ಟಬೇಕಾಗಿದೆ. ಬ್ರಾಡ್‌ಬ್ಯಾಂಡಿನ ಆದಾಯವನ್ನೂ ಅದಕ್ಕೆ ಸೇರಿಸಿ, ಬಡವರ ರಿಯಾಯಿತಿಯನ್ನು ಆ ನಿಧಿಯೊಳಗೆ ಕಾಯಂ ಮಾಡುವ ಕಾಯಿದೆಯನ್ನು ಅಮೆರಿಕದ ಕಾಂಗ್ರೆಸ್ ತರಬೇಕು. 2.3 ಕೋಟಿ ಕುಟುಂಬಗಳು ಕಳೆದುಕೊಂಡದ್ದನ್ನು ಶಾಶ್ವತವಾಗಿ ಮರಳಿಸಲು ಅದಕ್ಕಿಂತ ಗಟ್ಟಿಯಾದ ದಾರಿ ಇಲ್ಲ.